ಎಂಟುನೂರು ಪದಗಳ ಸನ್ನಿ

ನಮ್ಮ ವಾರದ ಪುರವಣಿಯಲ್ಲಿ ಒಂದು ಮಾಲಿಕೆ ನಡೆಯುತ್ತಿತ್ತು. ಸಿನಿಮಾದವರು ಸಿನಿಮಾದಾಚೆ ಏನೇನು ವ್ಯಾಪಾರ ಮಾಡುತ್ತಾರೆ ಎನ್ನುವುದು ವಿಷಯ. ಹೋಟೆಲು, ಜಿಮ್ಮು, ಸೀರೆ ಅಂಗಡಿ ಮುಗಿದು 2024ರ ಬೇಸಿಗೆಯಲ್ಲಿ ಸೌಂದರ್ಯವರ್ಧಕಗಳ ಸರದಿ ಬಂದಿತ್ತು. ಸಭೆಯಲ್ಲಿ ಒಬ್ಬರು ದೀಪಿಕಾ ಪಡುಕೋಣೆ ಎಂದರು, ಇನ್ನೊಬ್ಬರು ಕತ್ರಿನಾ ಕೈಫ್ ಎಂದರು. ಕತ್ರಿನಾ ಈ ವ್ಯಾಪಾರಕ್ಕೆ ಇಳಿದದ್ದು 2019ರಲ್ಲಿ, ದೀಪಿಕಾ 2022ರಲ್ಲಿ. ಹಿಂದಿನ ರಾತ್ರಿಯೇ ಪಟ್ಟಿ ಮಾಡಿಕೊಂಡು ಬಂದಿದ್ದ ನಾನು, ಇವರಿಬ್ಬರಿಗಿಂತ ಮೊದಲೇ, 2018ರಲ್ಲಿ, ತನ್ನದೇ ಲಿಪ್‌ಸ್ಟಿಕ್ ಮಾರಲು ಹೊರಟ ನಟಿಯೊಬ್ಬರಿದ್ದಾರೆ ಎಂದೆ. ಯಾರು ಎಂದು ಕೇಳಿದರು. ಸನ್ನಿ ಲಿಯೋನ್ ಎಂದು ಹೇಳಿದೆ.

ಪುಟ ವಿನ್ಯಾಸ ಮಾಡುವ ಹುಡುಗನಿಗೆ ಕೆಮ್ಮು ಬಂತು. ನಾವೆಲ್ಲ ರಾಯರು ಎಂದು ಕರೆಯುವ ಹಿರಿಯ ಉಪಸಂಪಾದಕರು ಕನ್ನಡಕ ತೆಗೆದು ಒರೆಸುತ್ತಾ, “ಅಮ್ಮ, ಇದು ಮನೆಮಂದಿಯೆಲ್ಲ ಓದುವ ಪುರವಣಿ” ಎಂದರು. ಸಂಪಾದಕರು ಲೆಕ್ಕದ ಮನುಷ್ಯ. “ಎಂಟುನೂರು ಪದ. ವ್ಯಾಪಾರದ ವಿಷಯ ಮಾತ್ರ. ಫೋಟೊ ನಾನು ನೋಡಿದ ಮೇಲೆ” ಎಂದು ಎದ್ದುಬಿಟ್ಟರು. ಎಂಟುನೂರು ಪದಕ್ಕೆ ನನಗೆ ಸಾಮಾನ್ಯವಾಗಿ ಎರಡು ದಿನ ಸಾಕು. ಇದಕ್ಕೆ ಆರು ವಾರ ಹಿಡಿಯಿತು.

ಮೊದಲ ದಿನ ಕಚೇರಿಯ ಕಂಪ್ಯೂಟರಿನಲ್ಲಿ ಅವರ ಹೆಸರು ಹೊಡೆದು ಹುಡುಕಿದೆ. ತೆರೆಯ ಮೇಲೆ ಕೆಂಪು ಅಕ್ಷರಗಳು ಬಂದವು. ಐದು ನಿಮಿಷದಲ್ಲಿ ತಾಂತ್ರಿಕ ವಿಭಾಗದ ಹುಡುಗ ಬಂದು, ತಲೆ ತಗ್ಗಿಸಿಕೊಂಡು, “ಮೇಡಂ, ನಿಮ್ಮ ಕಂಪ್ಯೂಟರಿನಿಂದ ಎಚ್ಚರಿಕೆ ಸಂದೇಶ ಬಂದಿದೆ” ಎಂದ. ಲಿಪ್‌ಸ್ಟಿಕ್ ಬಗ್ಗೆ ನೋಡುತ್ತಿದ್ದೇನೆ ಎಂದೆ. ನಂಬಿದನೋ ಇಲ್ಲವೋ. ಸಂಪಾದಕರ ಸಹಿ ಇರುವ ಪತ್ರ ಕೊಟ್ಟರೆ ದಿನಕ್ಕೆ ಎರಡು ಗಂಟೆ ತೆರೆದುಕೊಡುತ್ತೇನೆ ಎಂದ. ‘ಈ ಕೆಳಗೆ ಸಹಿ ಮಾಡಿರುವ ನಾನು’ ಎಂದು ಶುರುವಾಗುವ ಆ ಪತ್ರದ ಪ್ರತಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಗಣಿ ಹಗರಣದ ಬಗ್ಗೆ ಬರೆಯುವಾಗಲೂ ನಾನು ಹಾಗೆ ಬರೆದುಕೊಟ್ಟಿರಲಿಲ್ಲ.

ಆ ಎರಡು ಗಂಟೆಯ ಹೊರಗೆ ಉಳಿದದ್ದು ಕಚೇರಿಯ ಗ್ರಂಥಾಲಯ. 2011ರಿಂದ ಈಚಿನ ಪತ್ರಿಕಾ ತುಣುಕುಗಳ ಒಂದು ದಪ್ಪ ಕಡತವಿತ್ತು. ಕನ್ನಡದಲ್ಲಿ ಸನ್ನಿ ಎಂದರೆ ಜ್ವರ ತಲೆಗೇರಿದಾಗ ಬರುವ ಬಡಬಡಿಕೆ ತಾನೆ. ತಲೆಬರಹ ಕೊಡುವವರಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇಕೆ? ಊರಿಗೆ ಸನ್ನಿ, ಪಡ್ಡೆಗಳಿಗೆ ಸನ್ನಿ, ಗಾಂಧಿನಗರಕ್ಕೆ ಸನ್ನಿ. ಅದರ ಕೆಳಗೆ ಮಾದಕ ಬೆಡಗಿ, ಬಿಸಿ ಬೆಡಗಿ, ಮಾಜಿ ನೀಲಿತಾರೆ. ವಿಶೇಷಣವಿಲ್ಲದೆ ಆ ಹೆಸರನ್ನು ಬರೆದ ತುಣುಕು ಸಿಗಲು ನನಗೆ ಅರ್ಧ ಗಂಟೆ ಬೇಕಾಯಿತು. ಅದು 2022ರ ನವೆಂಬರ್‌ನದು. ನಮ್ಮದೇ ರಾಜ್ಯದ ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರವೇಶಪತ್ರವೊಂದರಲ್ಲಿ ಅಭ್ಯರ್ಥಿಯ ಫೋಟೊ ಇರಬೇಕಾದ ಜಾಗದಲ್ಲಿ ಇವರ ಫೋಟೊ ಇತ್ತು ಎಂಬ ಸುದ್ದಿ. ಅಲ್ಲಿ ಮಾತ್ರ, ಪರೀಕ್ಷೆಯ ಗಾಂಭೀರ್ಯಕ್ಕೋ ಏನೋ, ಬರಿಯ ‘ನಟಿ’ ಎಂದಿತ್ತು.

2017ರ ಡಿಸೆಂಬರ್‌ನ ತುಣುಕುಗಳೇ ಒಂದು ಕಟ್ಟು. ಹೊಸ ವರ್ಷದ ರಾತ್ರಿ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅವರ ಕಾರ್ಯಕ್ರಮ ಎಂದು ಪ್ರಕಟವಾಗಿತ್ತು. ಕನ್ನಡಪರ ಸಂಘಟನೆಯೊಂದು ಸಾಮೂಹಿಕ ಆತ್ಮಹತ್ಯೆಯ ಬೆದರಿಕೆ ಹಾಕಿತು, ಸರ್ಕಾರ ಅನುಮತಿ ಇಲ್ಲ ಎಂದಿತು, ವಿಷಯ ಹೈಕೋರ್ಟಿಗೂ ಹೋಯಿತು. ಭದ್ರತೆ ಕೊಡಲಾಗದು ಎಂದು ಪೊಲೀಸರು ಹೇಳಿರುವುದರಿಂದ ಬರುವುದಿಲ್ಲ ಎಂದು ಅವರೇ ಹಿಂದೆ ಸರಿದರು. ಅದಕ್ಕೆ ಎರಡು ವರ್ಷ ಮೊದಲೇ, 2015ರಲ್ಲಿ, ‘ಡಿಕೆ’ ಎಂಬ ಕನ್ನಡ ಚಿತ್ರದಲ್ಲಿ ಅವರು ಸೇಸಮ್ಮನ ಹಾಡಿಗೆ ಕುಣಿದಾಗಿತ್ತು. ಊರ ಹಬ್ಬದ ಮೆರವಣಿಗೆಗಳಲ್ಲಿ ಆ ಹಾಡು ಹಾಕಿದವರ ಸಂಸ್ಕೃತಿಗೆ ಆಗ ಏನೂ ಆಗಿರಲಿಲ್ಲ. 2018ರ ನವೆಂಬರ್‌ನಲ್ಲಿ ಅವರು ಅದೇ ಬೆಂಗಳೂರಿಗೆ ಬಂದು ಕಾರ್ಯಕ್ರಮ ಕೊಟ್ಟೂ ಹೋದರು.

ಆ ಕಟ್ಟಿನಲ್ಲಿ ಒಂದು ವರದಿ ಎರಡು ಕಾಲಮ್ಮಿನದು. ಮುನ್ನೂರು ಪದಗಳಲ್ಲಿ ‘ಮಾಜಿ ನೀಲಿತಾರೆ’ ಎಂಬ ಮಾತು ಮೂರು ಸಲ ಬಂದಿತ್ತು. ಯಾರಪ್ಪ ಈ ಸೋಮಾರಿ ಎಂದು ಮೇಲೆ ನೋಡಿದರೆ ನನ್ನದೇ ಹೆಸರು. ನಗರ ವರದಿಗಾರ್ತಿಯಾಗಿದ್ದ ಕಾಲದ್ದು. ಬರೆದದ್ದು ನೆನಪಿಗೇ ಬರಲಿಲ್ಲ. ಕಡತ ಮುಚ್ಚಿ ಕ್ಯಾಂಟೀನಿಗೆ ಹೋಗಿ ಕುಳಿತೆ.

ಮುಂದಿನ ವಾರ ಬದುಕಿನ ವಿವರ ಜೋಡಿಸಿದೆ. ಕರೆನ್‌ಜಿತ್ ಕೌರ್ ವೋಹ್ರಾ, ಹುಟ್ಟಿದ್ದು 1981ರ ಮೇ 13ರಂದು, ಕೆನಡಾದ ಸಾರ್ನಿಯಾದಲ್ಲಿ, ಪಂಜಾಬಿ ಸಿಖ್ ಕುಟುಂಬದಲ್ಲಿ. ಮನೆಯವರು ಅಮೆರಿಕಕ್ಕೆ ಹೋಗಿ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ನೆಲೆನಿಂತರು. ಬೇಕರಿಯಲ್ಲಿ, ಕಾರಿನ ಆಯಿಲ್ ಬದಲಿಸುವ ಅಂಗಡಿಯಲ್ಲಿ, ತೆರಿಗೆ ಕಚೇರಿಯಲ್ಲಿ ದುಡಿದು, ಮಕ್ಕಳ ನರ್ಸ್ ಆಗಲು ಓದುತ್ತಿದ್ದ ಹುಡುಗಿ. 2001ರಲ್ಲಿ ‘ಪೆಂಟ್‌ಹೌಸ್’ ಎಂಬ ನಗ್ನಚಿತ್ರಗಳ ಪತ್ರಿಕೆಯಲ್ಲಿ ಚಿತ್ರ ಬಂತು, 2003ರಲ್ಲಿ ಅದೇ ಪತ್ರಿಕೆ ವರ್ಷದ ರೂಪದರ್ಶಿ ಎಂದು ಆರಿಸಿತು. ಸನ್ನಿ ಎಂಬುದು ತಮ್ಮನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಲಿಯೋನ್ ಎಂಬುದನ್ನು ಅಂಟಿಸಿದವರು ಪತ್ರಿಕೆಯ ಮಾಲೀಕ ಬಾಬ್ ಗುಚ್ಚಿಯೋನಿ. ಎರಡರಲ್ಲಿ ಒಂದೂ ಅವರದಲ್ಲ. ಇಡೀ ವ್ಯಾಪಾರ ನಿಂತಿರುವುದು ಆ ಎರಡು ಪದಗಳ ಮೇಲೆ.

2005ರಲ್ಲಿ ಲೈಂಗಿಕ ಚಿತ್ರ ತೆಗೆಯುವ ವಿವಿಡ್ ಎಂಬ ಕಂಪನಿಯೊಂದಿಗೆ ಮೂರು ವರ್ಷದ ಕರಾರು. ಆಮೇಲೆ ಪತಿ ಡೇನಿಯಲ್ ವೆಬರ್ ಜೊತೆ ಸೇರಿ ಸನ್‌ಲಸ್ಟ್ ಎಂಬ ಸ್ವಂತ ಕಂಪನಿ. ಕರಾರು ಮಾಡಿಕೊಂಡವರು ತಾವೇ ಕಂಪನಿ ಏಕೆ ಮಾಡಿದರು, ಅಷ್ಟು ಹಣ ಬರುತ್ತಿತ್ತೇ, ಇಲ್ಲಿ ನನ್ನ ಲೇಖನ ನಿಂತುಹೋಯಿತು. ಆ ಉದ್ಯಮದಲ್ಲಿ ನಟಿಸಿದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಸಲದ ಕೂಲಿ. ಚಿತ್ರ ಎಷ್ಟು ವರ್ಷ ಓಡಿದರೂ, ಎಷ್ಟು ಸಲ ಮಾರಾಟವಾದರೂ ಮತ್ತೆ ಬಿಡಿಗಾಸು ಬರುವುದಿಲ್ಲ. ಇದನ್ನು ಓದಿದ್ದೆ, ಆದರೆ ಅದರ ತೂಕ ನನಗೆ ತಿಳಿದಿರಲಿಲ್ಲ.

ತಿಳಿಸಿದವರು ಅಪ್ಪ. ನಮ್ಮ ಅಪ್ಪ ಹಾಸನದಲ್ಲಿ ಮೂವತ್ತನಾಲ್ಕು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಶನಿವಾರ ಊರಿಗೆ ಹೋಗಿದ್ದಾಗ ಊಟಕ್ಕೆ ಕುಳಿತು, ಹೆಸರು ಹೇಳದೆ, ಅಮೆರಿಕದ ನಟಿಯೊಬ್ಬರ ಕಥೆ ಎಂದು ಹೇಳಿದೆ. ಅಪ್ಪ ಮಜ್ಜಿಗೆ ಕಲಸಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದರು.

“ನೆಗೆಟಿವ್ ಯಾರ ಹತ್ತಿರ ಇತ್ತು?”

ಕಂಪನಿಯ ಹತ್ತಿರ ಎಂದೆ.

“ಹಾಗಾದರೆ ಫೋಟೊ ಅವಳದಲ್ಲ. ಮುಖ ಅವಳದು, ಫೋಟೊ ಕಂಪನಿಯದು.”

ನಮ್ಮ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ನೆಗೆಟಿವ್‌ಗಳಿದ್ದವು. ಪ್ರತಿ ಲಕೋಟೆಗೂ ನಂಬರು. ಮದುವೆಯಾದವರು ಹತ್ತು ವರ್ಷದ ಮೇಲೆ ಬಂದು ಇನ್ನೊಂದು ಪ್ರತಿ ಬೇಕು ಎಂದರೆ ಅಪ್ಪ ನಂಬರು ಹುಡುಕಿ, ತೊಳೆದು, ಹಣ ತೆಗೆದುಕೊಂಡು ಕೊಡುತ್ತಿದ್ದರು. ಗಂಡ ತೀರಿಹೋದವರು, ಮಗ ತೀರಿಹೋದವರು ಬರುತ್ತಿದ್ದರು. ಅವರಿಂದ ಹಣ ತೆಗೆದುಕೊಳ್ಳುತ್ತಿದ್ದರೇ ಎಂದು ಆ ದಿನ ಮೊದಲ ಸಲ ಕೇಳಿದೆ. “ಕಾಗದದ ಹಣ ಮಾತ್ರ” ಎಂದರು. ನಮ್ಮ ಶಾಲೆಯ ಫೀಜು ಆ ಡಬ್ಬಗಳಿಂದ ಬಂದದ್ದು.

ಬೆಂಗಳೂರಿಗೆ ಬರುವ ರೈಲಿನಲ್ಲಿ ಕುಳಿತಾಗ ಲೇಖನದ ದಾರಿ ಕಂಡಿತು. ಸ್ವಂತ ಕಂಪನಿ ಎಂದರೆ ನೆಗೆಟಿವ್ ಸ್ವಂತದ್ದು. ಆದರೆ ಆ ಹೊತ್ತಿಗೇ ಅಂತರ್ಜಾಲದಲ್ಲಿ ಪುಕ್ಕಟೆ ತೋರಿಸುವ ತಾಣಗಳು ಬಂದು ಡಿವಿಡಿ ವ್ಯಾಪಾರದ ಬುಡ ಅಲುಗಾಡಿಸಿದ್ದವು. ನೆಗೆಟಿವ್ ಇದ್ದರೂ ಪ್ರತಿಗೆ ಹಣ ಕೊಡುವವರಿಲ್ಲ. ಡಿಜಿಟಲ್ ಬಂದಾಗ ಹಾಸನದ ಡಬ್ಬಗಳಿಗೂ ಆದದ್ದು ಅದೇ. ಚಿತ್ರಕ್ಕೆ ಬೆಲೆ ಇಲ್ಲವಾದ ಮೇಲೆ ಮಾರಲು ಉಳಿಯುವುದು ಹೆಸರು. 2011ರಲ್ಲಿ ಅವರು ‘ಬಿಗ್ ಬಾಸ್’ನ ಐದನೇ ಆವೃತ್ತಿಗೆ ಬಂದರು. ಮನೆಯೊಳಗೆ ಇರುವಾಗಲೇ ಮಹೇಶ್ ಭಟ್ ಹೋಗಿ ಸಿನಿಮಾದ ಮಾತಾಡಿದರು. 2012ರಲ್ಲಿ ‘ಜಿಸ್ಮ್ 2’ ತೆರೆಗೆ ಬಂತು. ಅಮೆರಿಕದಲ್ಲಿ ಆ ಹೆಸರು ಹತ್ತರಲ್ಲಿ ಹನ್ನೊಂದಾಗಿತ್ತು. ಇಲ್ಲಿ ಅದು ಒಂದೇ ಒಂದು.

ಇದೆಲ್ಲ ಜಾಣತನದ ಕಥೆ ಎಂದು ಬರೆದುಬಿಟ್ಟರೆ ಸುಲಭ. ನನಗೆ ಹಾಗೆ ಬರೆಯಲು ಮನಸ್ಸಾಗಲಿಲ್ಲ. ಅದೇ ಉದ್ಯಮದಲ್ಲಿ ಒಂದು ಸಲದ ಕೂಲಿ ತೆಗೆದುಕೊಂಡು, ಚಿತ್ರ ಮಾತ್ರ ಜೀವನಪೂರ್ತಿ ಹಿಂಬಾಲಿಸುವ ಸಾವಿರಾರು ಹೆಣ್ಣುಮಕ್ಕಳಿದ್ದಾರೆ. ಅವರಿಗೆ ರಿಯಾಲಿಟಿ ಷೋ ಇಲ್ಲ, ಭಟ್ಟರೂ ಇಲ್ಲ. ಈ ಒಂದು ವಾಕ್ಯ ನನ್ನ ಎಂಟುನೂರರಲ್ಲಿ ಉಳಿಯಲೇಬೇಕು ಎಂದು ಹಟ ಹಿಡಿದೆ. ಉಳಿಯಿತು.

ಅವರನ್ನೇ ಮಾತಾಡಿಸೋಣ ಎಂದು ಹತ್ತು ಪ್ರಶ್ನೆ ಬರೆದು ಮಿಂಚಂಚೆ ಕಳಿಸಿದೆ. ಉತ್ತರ ಬರಲಿಲ್ಲ. ಕಾಯುವ ದಿನಗಳಲ್ಲಿ 2016ರ ಜನವರಿಯ ಒಂದು ಸಂದರ್ಶನ ನೋಡಿದೆ. ಇಂಗ್ಲಿಷ್ ಸುದ್ದಿವಾಹಿನಿಯ ನಿರೂಪಕರು ಮತ್ತೆ ಮತ್ತೆ, ಬೇರೆ ಬೇರೆ ಮಾತುಗಳಲ್ಲಿ, ಹಿಂದಿನದಕ್ಕೆ ಪಶ್ಚಾತ್ತಾಪವಿದೆಯೇ ಎಂಬುದನ್ನೇ ಕೆದಕುತ್ತಿದ್ದರು. ಸನ್ನಿ ಎದ್ದು ಹೋಗದೆ, ದನಿ ಏರಿಸದೆ ಉತ್ತರಿಸಿದರು. ದೇಶದ ತುಂಬ ಜನ ನಿರೂಪಕರನ್ನು ಬೈದರು. ನಾನೂ ಬೈದುಕೊಂಡು, ನಾನು ಕಳಿಸಿದ್ದ ಹತ್ತು ಪ್ರಶ್ನೆಗಳನ್ನು ಮತ್ತೆ ತೆರೆದು ನೋಡಿದೆ. ಏಳು ಪ್ರಶ್ನೆಗಳು ಅವೇ. ಸ್ವಲ್ಪ ಮರ್ಯಾದೆಯ ಸೆರಗು ಹೊದ್ದಿದ್ದವು, ಅಷ್ಟೇ. ಹೊಸದಾಗಿ ಬರೆದೆ. ಯಾವ ಬಣ್ಣ ಹೆಚ್ಚು ಹೋಗುತ್ತದೆ, ಸಣ್ಣ ಊರುಗಳಿಂದ ಬೇಡಿಕೆ ಹೇಗಿದೆ, ಹೋಗದೆ ಉಳಿದ ಸರಕನ್ನು ಏನು ಮಾಡುತ್ತೀರಿ. ಇದಕ್ಕೂ ಉತ್ತರ ಬರಲಿಲ್ಲ. ದೂರುವಂತಿರಲಿಲ್ಲ.

ಉತ್ತರವಿಲ್ಲದ ಮೇಲೆ ವಸ್ತುವನ್ನೇ ಕೇಳೋಣ ಎಂದು ಅವರ ಬ್ರ್ಯಾಂಡ್ ‘ಸ್ಟಾರ್‌ಸ್ಟ್ರಕ್’ನ ಒಂದು ಲಿಪ್‌ಸ್ಟಿಕ್ ತರಿಸಿದೆ. ಕೆಂಪುಗಂದು ಬಣ್ಣ. ನನಗೆ ಒಪ್ಪಲಿಲ್ಲ, ಮಗಳಿಗೆ ಒಪ್ಪಿತು. ನನಗೆ ಬೇಕಾಗಿದ್ದದ್ದು ಡಬ್ಬಿಯ ಹಿಂದಿನ ಸಣ್ಣಕ್ಷರ. ಅದನ್ನು ಹಿಡಿದುಕೊಂಡು ಪೀಣ್ಯಕ್ಕೆ ಹೋದೆ. ಅಲ್ಲಿ ಬೇರೆಯವರ ಹೆಸರಿಗೆ ಕ್ರೀಮು, ಪೌಡರು ತಯಾರಿಸಿಕೊಡುವ ಪರಿಚಯದವರೊಬ್ಬರಿದ್ದಾರೆ. ಈ ವ್ಯಾಪಾರದಲ್ಲಿ ಹೆಸರಿನವರು ಒಬ್ಬರು, ಕಾರ್ಖಾನೆಯವರು ಇನ್ನೊಬ್ಬರು ಆಗಿರುವುದೇ ಹೆಚ್ಚು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, ಅದರಡಿ 2020ರಲ್ಲಿ ಬಂದ ಪ್ರತ್ಯೇಕ ನಿಯಮಗಳು ಈ ಡಬ್ಬಿಯ ಹಿಂಬದಿಯನ್ನು ಆಳುತ್ತವೆ. ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕು, ಇಷ್ಟೂ ಅಚ್ಚಾಗಿರಬೇಕು. ಮುಂಬದಿಯಲ್ಲಿ ಯಾವ ನಕ್ಷತ್ರವಾದರೂ ಹೊಳೆಯಲಿ.

“ಲಿಪ್‌ಸ್ಟಿಕ್ಕಿನಲ್ಲಿ ದುಡ್ಡು ಮಾಡುವುದು ಒಂದೆರಡು ಬಣ್ಣ ಮೇಡಂ” ಎಂದರು ಪೀಣ್ಯದವರು. “ಮಿಕ್ಕ ಬಣ್ಣಗಳು ಗೋದಾಮಿನಲ್ಲಿ ಕೂತು ಆ ದುಡ್ಡನ್ನು ತಿನ್ನುತ್ತವೆ. ಎಲ್ಲ ಬಣ್ಣ ಇಟ್ಟುಕೊಳ್ಳದಿದ್ದರೆ ಗಿರಾಕಿ ಬರುವುದಿಲ್ಲ, ಇಟ್ಟುಕೊಂಡರೆ ಅವಧಿ ಮುಗಿಯುತ್ತದೆ.” ಒಂದು ಬಣ್ಣಕ್ಕೆ ಕಡಿಮೆಯೆಂದರೂ ಇಷ್ಟು ಎಂದು ಕಾರ್ಖಾನೆಯವರು ಹೇಳುತ್ತಾರೆ, ಅದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ. ಖಾಲಿ ಕೊಳವೆ, ಮುಚ್ಚಳ, ಹೊರಗಿನ ಪೆಟ್ಟಿಗೆಗೆ ಒಳಗಿನ ಬಣ್ಣಕ್ಕಿಂತ ಹೆಚ್ಚು ಬೀಳುವುದೂ ಉಂಟಂತೆ. ಕತ್ರಿನಾ ತಮ್ಮ ಬ್ರ್ಯಾಂಡನ್ನು ಸೌಂದರ್ಯವರ್ಧಕ ಮಾರುವ ನೈಕಾ ಕಂಪನಿಯ ಜೊತೆಗೂಡಿ ತಂದವರು. ಅಂಗಡಿ, ಗೋದಾಮು, ಗಿರಾಕಿ ಮೂರೂ ಅಲ್ಲಿ ಮೊದಲೇ ಇದ್ದವು. ಸನ್ನಿ ಹೊರಟದ್ದು ಗಂಡನ ಜೊತೆ, ಅಂಥ ದೊಡ್ಡ ಅಂಗಡಿಯೊಂದು ಬೆನ್ನಿಗಿಲ್ಲದೆ. ನನ್ನ ಲೇಖನದ ನಡುಭಾಗ ಈ ಹೋಲಿಕೆ. ಪೀಣ್ಯದಲ್ಲಿ ಕಳೆದ ಒಂದು ಗಂಟೆ ಆರು ವಾರಗಳಲ್ಲೇ ನನಗೆ ಹೆಚ್ಚು ಹಿಡಿಸಿದ ಗಂಟೆ. ಅಲ್ಲಿ ಯಾರೂ ಕೆಮ್ಮಲಿಲ್ಲ.

ಉಳಿದದ್ದು ಒಂದು ವಾಕ್ಯ. ರಾಯರು ನನ್ನ ಮೊದಲ ಪ್ರತಿ ಓದಿ, “ವಿಶೇಷಣ ಎಲ್ಲಿ?” ಎಂದರು. ಬೇಡ ಎಂದೆ. “ಬೇಡ ಎಂದರೆ ಹೇಗಮ್ಮ? ಎಲ್ಲರಿಗೂ ಗೊತ್ತಿರುವುದನ್ನು ನೀನು ಮುಚ್ಚಿಟ್ಟರೆ, ಮುಚ್ಚಿಡುವಂಥದ್ದು ಎಂದು ನೀನೇ ಹೇಳಿದ ಹಾಗಾಯಿತು.” ಹಳೆಯ ಕಾಲದವರ ಮಾತಿನಲ್ಲಿ ಒಮ್ಮೊಮ್ಮೆ ಹೀಗೆ ಮುಳ್ಳಿರುತ್ತದೆ. ರಜನಿಕಾಂತ್ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದರು ಎಂದು ನಾವು ಬರೆಯುವುದಿಲ್ಲವೇ ಎಂದೂ ಕೇಳಿದರು. ಬರೆಯುತ್ತೇವೆ, ಆದರೆ ‘ಮಾಜಿ ಕಂಡಕ್ಟರ್ ರಜನಿಕಾಂತ್ ಚಿತ್ರ ಬಿಡುಗಡೆ’ ಎಂದು ಬರೆಯುವುದಿಲ್ಲ ಎಂದೆ. ಅದಕ್ಕೆ ಅವರು ನಕ್ಕರು.

ಹಾಗಾದರೆ ಯಾವ ಪದ? ನೀಲಿಚಿತ್ರ ಎಂದರೆ ಬಸ್ ನಿಲ್ದಾಣದ ಹಿಂದಿನ ಟೆಂಟು ಕಣ್ಣಿಗೆ ಬರುತ್ತದೆ. ಅಶ್ಲೀಲ ಚಿತ್ರ ಎಂದರೆ ತೀರ್ಪು ಕೊಟ್ಟ ಮೇಲೆ ವಿಚಾರಣೆ. ವಯಸ್ಕರ ಚಿತ್ರ ಎಂದು ಬರೆದೆ. “ವಯಸ್ಕರ ಶಿಕ್ಷಣ ಇಲಾಖೆಯವರು ತೆಗೆದದ್ದು ಎಂದುಕೊಳ್ಳುತ್ತಾರೆ” ಎಂದರು ರಾಯರು. ಒಂದಿಡೀ ಮಧ್ಯಾಹ್ನ ನಾವಿಬ್ಬರೂ ನಿಘಂಟು ಹಾಕಿಕೊಂಡು ಕುಳಿತೆವು. ಶೃಂಗಾರಕ್ಕೆ ಇಷ್ಟೊಂದು ಪದ ಇರುವ ಭಾಷೆಯಲ್ಲಿ ಆ ಕೆಲಸ ಮಾಡಿದವರನ್ನು ನಗದೆ, ಬೈಯದೆ ಕರೆಯಲು ಒಂದು ಪದ ಸಿಗಲಿಲ್ಲ. ಕೊನೆಗೆ ನಾಲ್ಕನೇ ಪ್ಯಾರಾದಲ್ಲಿ ಒಂದು ಸರಳ ವಾಕ್ಯ ಹಾಕಿದೆವು. ‘ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ಲೈಂಗಿಕ ಚಿತ್ರಗಳಲ್ಲಿ ನಟಿಸಿದರು, ಆಮೇಲೆ ಅವನ್ನು ತಾವೇ ನಿರ್ಮಿಸಿದರು.’ ವಿಶೇಷಣ ಕ್ರಿಯಾಪದವಾಯಿತು. ಆ ವಾಕ್ಯದ ಮುಕ್ಕಾಲು ಪಾಲು ರಾಯರದು.

ಜಾಗವಿಲ್ಲದೆ ಹೊರಗುಳಿದವು ಬಹಳ. 2017ರಲ್ಲಿ ಲಾತೂರಿನಿಂದ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡದ್ದು. 2018ರಲ್ಲಿ ತನ್ನ ಬದುಕಿನ ವೆಬ್ ಸರಣಿಯಲ್ಲಿ ತಾನೇ ನಟಿಸಿದ್ದು, ಶೀರ್ಷಿಕೆಯಲ್ಲಿ ಕೌರ್ ಎಂಬ ಹೆಸರಿದ್ದುದಕ್ಕೆ ಸಿಖ್ಖರ ಗುರುದ್ವಾರ ಸಮಿತಿ ಆಕ್ಷೇಪಿಸಿದ್ದು. ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಿಗೂ ಹಕ್ಕುದಾರರು ಬೇರೆಯೇ ಇದ್ದರು. ಮಂಡ್ಯದ ಕೊಮ್ಮೇರಹಳ್ಳಿಯಲ್ಲಿ 2022ರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಕಟೌಟ್ ನಿಲ್ಲಿಸಿ ಅನಾಥ ಮಕ್ಕಳ ತಾಯಿ ಎಂದು ಬರೆಸಿದ್ದು. ಅದೇ ಮಂಡ್ಯದ ಕೋಳಿ ಅಂಗಡಿಯೊಂದು ಅವರ ಅಭಿಮಾನಿಗಳಿಗೆ ಶೇ 10 ರಿಯಾಯಿತಿ ಘೋಷಿಸಿದ್ದು. 2024ರ ಜನವರಿಯಲ್ಲಿ ನೋಯ್ಡಾದಲ್ಲಿ ‘ಚಿಕಾ ಲೋಕಾ’ ಎಂಬ ಹೋಟೆಲ್ ತೆರೆದದ್ದು ಮಾತ್ರ ಕೊನೆಯ ಸಾಲಿನಲ್ಲಿ ನುಸುಳಿತು. ಫೋಟೊ ವಿಷಯದಲ್ಲಿ ಸಂಪಾದಕರು ಹನ್ನೆರಡನ್ನು ತಿರಸ್ಕರಿಸಿ ಲಿಪ್‌ಸ್ಟಿಕ್ಕಿನ ಫೋಟೊ ಹಾಕಿದರು.

ಲೇಖನ ಭಾನುವಾರ ಬಂತು. ಅಪ್ಪ ಫೋನ್ ಮಾಡಿ, “ಆ ದಿನ ಹೆಸರು ಹೇಳಬಹುದಿತ್ತು” ಎಂದರು. ಕೆಲವು ಬೈಗುಳದ ಪತ್ರಗಳು, ಒಂದು ಕವನ. ಬುಧವಾರ ಅರಸೀಕೆರೆಯ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಮನೆಯಲ್ಲಿ ಭೃಂಗರಾಜ, ಕರಿಬೇವು ಹಾಕಿ ತಲೆಗೆ ಹಚ್ಚುವ ಎಣ್ಣೆ ಕಾಯಿಸಿ, ಸಂತೆಯಲ್ಲಿ ಸೀಸೆಗೆ ಇಷ್ಟು ಎಂದು ಮಾರುತ್ತಾರಂತೆ. “ಅಕ್ಕ, ಆಯಮ್ಮನ ಡಬ್ಬಿಯ ಹಿಂದೆ ಪರವಾನಗಿ ನಂಬರು ಇರಬೇಕು ಅಂತ ಬರೆದಿದ್ದೀರಲ್ಲ, ನನ್ನ ಎಣ್ಣೆಗೂ ಬೇಕೇ?” ಎಂದು ಕೇಳಿದರು. ಬೇಕು ಎಂದೆ. ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಅರ್ಜಿ ಹಾಕಬೇಕು, ಆಯುರ್ವೇದದ ಔಷಧಿ ಎಂದು ಮಾರುವುದಾದರೆ ದಾರಿ ಬೇರೆ ಎಂದು, ಪೀಣ್ಯದವರನ್ನು ಕೇಳಿ ಮರುದಿನ ವಿವರವಾಗಿ ಹೇಳಿದೆ. ಎಲ್ಲ ಬರೆದುಕೊಂಡು, ಕೊನೆಗೆ, “ಸೀಸೆಯ ಮೇಲೆ ನನ್ನ ಹೆಸರೇ ಹಾಕಬಹುದೇ, ದೇವರ ಹೆಸರು ಹಾಕಬೇಕೇ?” ಎಂದರು. ಸ್ವಂತ ಹೆಸರು ಹಾಕಿ, ಸಾಧ್ಯವಾದರೆ ನೋಂದಣಿಯನ್ನೂ ಮಾಡಿಸಿ ಎಂದೆ.

ದೀಪಾವಳಿ ಕಳೆದ ಮೇಲೆ ಕಚೇರಿಗೆ ಒಂದು ಪಾರ್ಸೆಲ್ ಬಂತು. ಹಸಿರು ಬಣ್ಣದ ಎಣ್ಣೆ, ಬಿಗಿಯಾದ ಮುಚ್ಚಳ. ಮುಂಬದಿಯಲ್ಲಿ ಅವರ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಹಿಂಬದಿಯಲ್ಲಿ ಪರವಾನಗಿ ಸಂಖ್ಯೆ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು. ಅಲ್ಲಿ ನೀಲಿ ಪೆನ್ನಿನಲ್ಲಿ, ‘ಅರ್ಜಿ ಹಾಕಿದ್ದೇನೆ ಅಕ್ಕ, ಬರುವವರೆಗೆ ಮಾರುವುದಿಲ್ಲ, ಇದು ನಿಮಗೆ’ ಎಂದಿತ್ತು.